ಸಾಲಾವಳಿ ಪೆಟ್ಟಿಗೆ

ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ ಎಂದು ಮುನಿರತ್ನ ಎರಡು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಗುರುವಾರ ಅದು ಅವಳ ಒಡಹುಟ್ಟಿದ ಅಕ್ಕನ ವಿಷಯದಲ್ಲಿ ಸುಳ್ಳು ಹೇಳಿತೋ, ನಿಜ ಹೇಳಿತೋ, ಇಲ್ಲ ಇವೆರಡೂ ಅಲ್ಲದ ಮೂರನೆಯದೇನನ್ನೋ ಹೇಳಿತೋ, ಅವಳಿಗೆ ತಲೆಬುಡ ತಿಳಿಯಲಿಲ್ಲ.

ಊರಿನ ಹೆಸರು ಬೇಡ ಬಿಡಿ. ಚಿಂತಾಮಣಿ ಕಡೆಯ ಬಸ್ಸಿನಲ್ಲಿ ತೂಕಡಿಸುತ್ತ ಕೂತವರಿಗೂ ಊರು ಬಂತೆಂದು ಮೂಗೇ ಹೇಳಿಬಿಡುತ್ತದೆ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಊರು ಅದು, ಆ ಕೆಲಸಕ್ಕೆ ಅಲ್ಲಿ ಬಿಚ್ಚಾಣಿಕೆ ಎನ್ನುತ್ತಾರೆ. ನೂಲೇನೋ ಎಲ್ಲೆಲ್ಲಿಗೋ ಹೋಗಿ ಸೀರೆಯಾಗುತ್ತದೆ, ಬೆಂದ ಹುಳದ ನಾತ ಮಾತ್ರ ಊರಿನಲ್ಲೇ ಉಳಿಯುತ್ತದೆ. ಅಲ್ಲಿಯ ಆಸ್ಪತ್ರೆಯ ಲ್ಯಾಬಿನಲ್ಲಿ ಮುನಿರತ್ನ ಹಿರಿಯ ಟೆಕ್ನಿಷಿಯನ್. ನಲವತ್ತೇಳು ವಯಸ್ಸು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಆ ಹೊತ್ತಿಗೆ ಒಂಟಿಯಾಗಿ ಕೆಲಸ ಮಾಡುವ ಆಂಟಿಬಯಾಟಿಕ್ ಹುಡುಕಿದರೂ ಸಿಗದ ಕಾಲ ಬಂದಿತ್ತು. ನೆಗಡಿಗೂ ನುಂಗಿ, ಕೋಳಿಗೂ ತಿನ್ನಿಸಿ, ಮೂರು ದಿನಕ್ಕೆ ಅರ್ಧ ಪಟ್ಟಿ ಬಿಸಾಡಿ, ರೋಗಾಣುಗಳಿಗೆ ನಾವೇ ಕೂತು ಪಾಠ ಹೇಳಿಕೊಟ್ಟಿದ್ದೆವು. ಆಗ ಕೈಹಿಡಿದದ್ದು ಪೆಪ್ಟೈಡುಗಳು. ಹುಳ, ಕಪ್ಪೆ, ಜೇನು ತಮ್ಮ ಮೈ ಕಾಯಲು ತಾವೇ ಮಾಡಿಕೊಳ್ಳುವ ಪುಟಾಣಿ ಪ್ರೋಟೀನು. ಪೆಪ್ಟೈಡ್ ಹೋಗಿ ರೋಗಾಣುವಿನ ಪೊರೆಗೆ ಕನ್ನ ಕೊರೆಯುತ್ತದೆ, ಆಂಟಿಬಯಾಟಿಕ್ ಆ ಕನ್ನದಲ್ಲಿ ಒಳಗೆ ನುಗ್ಗುತ್ತದೆ. ಬೇರೆ ಬೇರೆ ಇದ್ದರೆ ಎರಡೂ ಕೈಲಾಗದವು, ಜೊತೆಯಾದರೆ ಗಟ್ಟಿ.

ಯಾವ ರೋಗಿಯ ರೋಗಾಣುವಿಗೆ ಯಾವುದರ ಜೊತೆ ಯಾವುದು? ಅದನ್ನು ಹೇಳಲು ಬಂದದ್ದೇ ಆ ಪೆಟ್ಟಿಗೆ. ಒಳಗೆ ಪಡ್ಡಿನ ಕಾವಲಿಯಂಥ ತಟ್ಟೆ, ತೊಂಬತ್ತಾರು ಗುಳಿ. ಎಡದಿಂದ ಬಲಕ್ಕೆ ಆಂಟಿಬಯಾಟಿಕ್ ಕಡಿಮೆಯಾಗುತ್ತ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಪೆಪ್ಟೈಡ್. ಪ್ರತಿ ಗುಳಿಗೂ ರೋಗಾಣು ತಿನ್ನುವ ಸಾರು, ಒಂದು ಹನಿ ಮಾದರಿ. ತಾಳೆ ನೋಡಲೆಂದು ಒಂದು ಗುಳಿಗೆ ಮಾತ್ರ ಔಷಧಿ ಹಾಕುವುದಿಲ್ಲ. ಐದು ಗಂಟೆ ಬಿಟ್ಟು ನೋಡಿದರೆ ಮಸುಕಾದ ಗುಳಿಯಲ್ಲಿ ರೋಗಾಣು ಬದುಕಿದೆ, ತಿಳಿಯಾದದ್ದರಲ್ಲಿ ಸತ್ತಿದೆ. ಒಂದು ತಟ್ಟೆಗೆ ಒಂದು ಜೋಡಿ, ಮೊದಲ ಜೋಡಿಯೇ ಹೊಂದಿದರೆ ಪೆಟ್ಟಿಗೆ ಅಲ್ಲಿಗೇ ನಿಂತು ಹಸಿರು ದೀಪ ಹೊತ್ತಿಸುತ್ತದೆ. ಅದಕ್ಕೆ ಕಂಪನಿ ಇಟ್ಟ ಹೆಸರು ಒಂದು ಸಾಲು ಉದ್ದ. ಗಂಡುಹೆಣ್ಣಿನ ಜಾತಕ ಕೂಡಿಸಿದ ಹಾಗೆ ಔಷಧಿಗೆ ಔಷಧಿ ಕೂಡಿಸುವುದರಿಂದ ಜನ ಅದನ್ನು ಸಾಲಾವಳಿ ಪೆಟ್ಟಿಗೆ ಎಂದರು. "ಸಾಲಾವಳಿ ಕೂಡಿಬಂತಾ ಮೇಡಂ?" ಎಂದು ಕಿಟಕಿಯಲ್ಲಿ ಕೇಳುವವರಿಗೆ ಮುನಿರತ್ನ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು.

ಕೂಡಿಬಂದೂ ವಾಸಿಯಾಗದವರು ಇರಲಿಲ್ಲವೇ? ಇದ್ದರು. ಹೋದ ವರ್ಷ ಗಂಗುಲಮ್ಮ ಎಂಬ ಬಿಚ್ಚಾಣಿಕೆಯ ಹೆಂಗಸು ಹಸಿರು ದೀಪ ನೋಡಿಕೊಂಡು, ಔಷಧಿ ತೆಗೆದುಕೊಂಡು ಮನೆಗೆ ಹೋದವಳು ಹದಿನೈದು ದಿನಕ್ಕೆ ಮೊಣಕೈವರೆಗೆ ಬಾವು ತುಂಬಿಸಿಕೊಂಡು ಬಂದಳು. "ಒಂದೊತ್ತೂ ತಪ್ಪಿಸಿಲ್ಲ ಕಣಮ್ಮಾ, ದೇವರಾಣೆಗೂ" ಎಂದು ಅತ್ತಳು. ಮುನಿರತ್ನ ಕಿಟಕಿಯ ಮುಂದೆ ನಿಂತ ಇಪ್ಪತ್ತು ಜನರ ಎದುರಿಗೆ ಅವಳಿಗೆ ಚೆನ್ನಾಗಿ ಬೈದಳು. ಪೆಟ್ಟಿಗೆ ಕೂಡಿದೆ ಅಂದಮೇಲೆ ಕೂಡಿದೆ, ಮಾತ್ರೆ ನುಂಗೋಕೂ ಸೋಮಾರಿತನವಾ ಎಂದಳು. "ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ" ಎಂದು ವರದಿಯ ಕೆಳಗೆ ತನ್ನ ಕೈಯಾರೆ ಬರೆದಳು. ಗಂಗುಲಮ್ಮನ ಬಲಗೈ ಹೋಯಿತು.

ಈಗ ಅಕ್ಕ ಅಂಜಿನಮ್ಮನ ಸರದಿ. ಸೋಮವಾರ ಭಾವ ಪಿಳ್ಳಪ್ಪ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಹತ್ತು ವರ್ಷದವಳಿದ್ದಾಗ ಗೂಡು ಬೇಯಿಸುವ ಬೇಸಿನ್ ಮುಂದೆ ಕೂತವಳು ಅಂಜಿನಮ್ಮ, ಈಗ ಐವತ್ತೆಂಟು. ಕುದಿನೀರಿನಲ್ಲಿ ಎಳೆ ಹುಡುಕಿ ಹುಡುಕಿಯೇ ತಂಗಿಯನ್ನು ಓದಿಸಿದ್ದಳು. ತೋರುಬೆರಳಿನ ಉಗುರ ಪಕ್ಕ ಬಿಟ್ಟ ಬಿರುಕು ಬಾತು, ಅಂಗೈ ಊದಿ, ಕೆಂಪು ಮಣಿಕಟ್ಟಿಗೆ ಬಂದಿತ್ತು.

ಆ ಊರಿನ ಬಿಚ್ಚಾಣಿಕೆಯವರು ಮದುವೆಗಾಗಲಿ ಆಸ್ಪತ್ರೆಗಾಗಲಿ ಹುಳದ ನಾತ ಹೊತ್ತು ಹೋಗುವುದಿಲ್ಲ. ನಿಂಬೆಹಣ್ಣು, ಸೀಗೆಪುಡಿ ಹಾಕಿ ಮೊಣಕೈವರೆಗೆ ಉಜ್ಜಿಕೊಂಡೇ ಹೊರಡುತ್ತಾರೆ. ಅಂಜಿನಮ್ಮನೂ ಹಾಗೆ ಉಜ್ಜಿಕೊಂಡೇ ಬಂದಿದ್ದಳು. ಆದರೂ ಮುನಿರತ್ನ ಸುತ್ತ ನೋಡಿ, ಚೀಲದಿಂದ ನಿಂಬೆಯ ಹೋಳು ತೆಗೆದು, ನಲ್ಲಿಯ ಕೆಳಗೆ ಅಕ್ಕನ ಕೈಯನ್ನು ಇನ್ನೊಮ್ಮೆ ತೊಳೆದಳು. ಕಾಲೇಜಿನಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಬೆಂಚು ಬದಲಿಸಿದ್ದನ್ನು ಅವಳು ಮರೆತಿರಲಿಲ್ಲ. ಚೀಲದಲ್ಲಿ ನಿಂಬೆಹಣ್ಣು ಇಲ್ಲದೆ ಅವಳು ಇವತ್ತಿಗೂ ಮನೆ ಬಿಡುವುದಿಲ್ಲ.

"ಇಂಗೆ ಉಜ್ಜಿದ್ರೆ ಚರ್ಮನೇ ಕಿತ್ಕೊಂಡು ಬತ್ತದಲ್ಲೇ ರತ್ನ" ಎಂದು ಅಕ್ಕ ನೋವಿನಲ್ಲೂ ನಕ್ಕಳು. "ನಾನು ಬಾವು ತೋರ್ಸಕ್ಕೆ ಬಂದಿದೀನೋ, ಹೆಣ್ಣು ತೋರ್ಸಕ್ಕೆ ಬಂದಿದೀನೋ?"

"ಸುಮ್ನಿರಕ್ಕಾ. ನರ್ಸುಗಳು ಮೂಗು ಸಿಂಡರಿಸ್ತಾರೆ."

ಮಾದರಿ ತೆಗೆದಳು. ಐದು ಗಂಟೆ ಕಳೆದ ಮೇಲೆ ಹಸಿರು ದೀಪ. ರೇಷ್ಮೆಹುಳದ ಪೆಪ್ಟೈಡ್, ಜೊತೆಗೆ ವ್ಯಾಂಕೋಮೈಸಿನ್ ಎಂಬ ಆಂಟಿಬಯಾಟಿಕ್. ಅಂಜಿನಮ್ಮನನ್ನು ವಾರ್ಡಿಗೆ ಸೇರಿಸಿ ಅದನ್ನೇ ಡ್ರಿಪ್ಪಿನಲ್ಲಿ ಹಾಕಿದರು. ಪಿಳ್ಳಪ್ಪನಿಗೆ ಖುಷಿಯೋ ಖುಷಿ. "ನಮ್ಮುಳಾನೇ ನಮ್ಮನ್ನ ಕಾಯ್ತದೆ ನೋಡು ರತ್ನಮ್ಮ" ಎಂದು ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದ.

ಗುರುವಾರದ ಹೊತ್ತಿಗೆ ಜ್ವರ ನೂರಾಮೂರು. ಕೆಂಪು ಮಣಿಕಟ್ಟು ದಾಟಿತ್ತು.

ಮುನಿರತ್ನ ಇನ್ನೊಮ್ಮೆ ಕೈ ತೊಳೆಸಿ, ಇನ್ನೊಮ್ಮೆ ಮಾದರಿ ತೆಗೆದು, ಇನ್ನೊಮ್ಮೆ ಪೆಟ್ಟಿಗೆಗೆ ಇಟ್ಟಳು. ಮತ್ತೆ ಹಸಿರು. ಔಷಧಿಯ ಬಾಟಲಿಯೇ ಕೆಟ್ಟಿರಬೇಕೆಂದುಕೊಂಡರೆ, ಅದೇ ಬಾಟಲಿಯ ಔಷಧಿ ಪಡೆದ ಪಕ್ಕದ ಮಂಚದವಳು ಎದ್ದು ಕೂತು ಇಡ್ಲಿ ತಿನ್ನುತ್ತಿದ್ದಳು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದಳು, ಬದಿಗೆ ಎರಡು ಏಟೂ ಕೊಟ್ಟಳು. ಅದು ಹಸಿರು ದೀಪ ಹಿಡಿದುಕೊಂಡು ಸುಮ್ಮನೆ ಕೂತಿತ್ತು. ಇದೆಂಥ ಕರ್ಮ ಎಂದು ಅವಳಿಗೆ ಅಳುವೇ ಬಂತು.

ವಾರ್ಡಿನ ಡಾಕ್ಟರ್ ಸಬೀಹಾ ಕೆಳಗಿಳಿದು ಬಂದರು. ಮೂವತ್ತೈದು ದಾಟದ ಹೆಂಗಸು, ನಿಧಾನಕ್ಕೆ ಮಾತಾಡುವವರು. "ರತ್ನ ಅವರೇ, ನನಗೂ ಅರ್ಥ ಆಗ್ತಿಲ್ಲ. ಮನೆಯಲ್ಲಿದ್ದಿದ್ರೆ ಮಾತ್ರೆ ನುಂಗಿಲ್ಲ ಅಂತಿದ್ದೆ. ಇವರಿಗೆ ಡ್ರಿಪ್ಪಿನಲ್ಲಿ ನಾನೇ ನಿಂತು ಹಾಕಿಸ್ತಿದ್ದೀನಲ್ಲ!"

ಆ ಮಾತು ಕೇಳಿದ್ದೇ ಮುನಿರತ್ನಳಿಗೆ ಗಂಗುಲಮ್ಮನ ಮುಖ ನೆನಪಾಯಿತು. ಬೇಡವೆಂದು ತಳ್ಳಿದಳು. ಅದು ಹೋಗಲಿಲ್ಲ.

"ಶನಿವಾರ ಹನ್ನೊಂದಕ್ಕೆ ಸರ್ಜನ್ ಬರ್ತಾರೆ" ಎಂದರು ಡಾಕ್ಟರ್. "ಅಷ್ಟರಲ್ಲಿ ಇಳೀದಿದ್ರೆ ಕೈ ತೆಗೀಲೇಬೇಕು. ಬಿಟ್ಟರೆ ಜೀವಕ್ಕೇ ಬರುತ್ತೆ."

ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ. ಅಂಜಿನಮ್ಮ ಎಡಗೈಯನ್ನು ಮುಖದ ಮುಂದೆ ತಿರುಗಿಸಿ ನೋಡಿಕೊಂಡಳು. "ಕೈ ಓದ್ರೆ ಎಳೆ ಎಂಗೆ ಉಡುಕ್ಲೇ? ಎಡಗೈಗೆ ಆ ಬುದ್ದಿ ಇಲ್ಲ ಕಣೇ" ಎಂದಳು. ಮುನಿರತ್ನ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಳು. ತನ್ನ ಕಾಲೇಜು, ತನ್ನ ಬಿಳಿ ಕೋಟು ಎಲ್ಲ ಆ ಬಲಗೈಯಿಂದಲೇ ಬಂದದ್ದು.

ಸಂಜೆ ನಾಲ್ಕಕ್ಕೆ ಅಕ್ಕನಿಗೆ ಸೀರೆ, ಬೆಡ್‌ಶೀಟು ತರಲು ಅವರ ಮನೆಗೆ ಹೋದಳು. ನಡುಮನೆ ದಾಟಿದರೆ ಬಿಚ್ಚಾಣಿಕೆಯ ಕೋಣೆ. ಚರಕ ನಿಂತಿತ್ತು, ಒಲೆ ಆರಿತ್ತು. ಬೇಸಿನ್ನಿನಲ್ಲಿ ಸೋಮವಾರದ ನೀರು ಕಂದು ಬಣ್ಣಕ್ಕೆ ತಿರುಗಿ ಹಾಗೇ ನಿಂತಿತ್ತು. ತಳದಲ್ಲಿ ನಾಲ್ಕಾರು ಬೆಂದ ಹುಳ, ಅಂಚಿಗೆ ಲೋಳೆಯ ಗೆರೆ.

"ಚೆಲ್ಲಕ್ಕೆ ಮನ್ಸೇ ಬರ್ಲಿಲ್ಲಮ್ಮ" ಎಂದ ಪಿಳ್ಳಪ್ಪ. "ಅವಳೇ ಬಂದು ಚೆಲ್ತಾಳೆ ಅಂತ ಬಿಟ್ಟಿದೀನಿ."

ಮುನಿರತ್ನ ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದವಳು ಹಾಗೇ ನಿಂತಳು. ಆ ಲೋಳೆಯ ಗೆರೆಯಲ್ಲಿ ಏನೋ ಬೆಳೆದಿತ್ತು. ಏನು ತಿಂದು ಬೆಳೆಯಿತು? ಈ ಹುಳದ ರಸ ತಿಂದು. ಅಕ್ಕನ ಬೆರಳಿನೊಳಗೆ ಕೂತದ್ದೂ ಇದನ್ನೇ ಉಂಡು ಬೆಳೆದದ್ದಲ್ಲವೇ? ಇಷ್ಟು ವರ್ಷ ಆ ಬಿರುಕಿನೊಳಗೆ ಇಳಿದದ್ದು ಇದೇ ನೀರು. ಮತ್ತೆ ನಾನೋ, ಅದನ್ನು ನಿಂಬೆಹಣ್ಣಿನಿಂದ ಉಜ್ಜಿ ತೊಳೆದು, ಲ್ಯಾಬಿನ ಶುದ್ಧ ಸಾರಿನಲ್ಲಿ ಬಿಟ್ಟು, ಐದೇ ಗಂಟೆಗೆ ತೀರ್ಮಾನ ಹೇಳುತ್ತಿದ್ದೇನೆ. ಆ ಸಾರು ಅದಕ್ಕೆ ರುಚಿಸದಿದ್ದರೆ? ಹಸಿದು ಸುಮ್ಮನೆ ಕೂತದ್ದಕ್ಕೂ ಸತ್ತು ಬಿದ್ದದ್ದಕ್ಕೂ ಪೆಟ್ಟಿಗೆಯ ಕಣ್ಣಿಗೆ ಏನು ವ್ಯತ್ಯಾಸ?

ಆದರೆ ಔಷಧಿ ಹಾಕದ ಗುಳಿ ಪ್ರತಿ ಸಲ ಮಸುಕಾಗುತ್ತಿತ್ತಲ್ಲ, ಅದರಲ್ಲಿ ಬೆಳೆದದ್ದು ಯಾರು? ಚರ್ಮದ ಮೇಲಿನ ಇನ್ನೊಬ್ಬನಾ? ಹಾಗಾದರೆ ಔಷಧಿಗೆ ಸತ್ತದ್ದೂ ಆ ಇನ್ನೊಬ್ಬನೇ, ಒಳಗಿನವನು ಯಾವ ಲೆಕ್ಕಕ್ಕೂ ಬರಲೇ ಇಲ್ಲವಾ? ಅವಳು ಅಡುಗೆಮನೆಯಿಂದ ಸ್ಟೀಲ್ ಡಬ್ಬಿ ತಂದು ಬೇಸಿನ್ನಿನ ನೀರು ತುಂಬಿಸಿಕೊಂಡಳು.

"ಈ ನಾತದ ನೀರ್ಯಾಕಮ್ಮ?" ಪಿಳ್ಳಪ್ಪ ಗಾಬರಿಯಾದ.

"ಗೊತ್ತಿಲ್ಲ ಭಾವ. ನಿಜವಾಗ್ಲೂ ಗೊತ್ತಿಲ್ಲ."

ಶುಕ್ರವಾರ ಬೆಳಿಗ್ಗೆ ಅಕ್ಕನ ಕೈ ತೊಳೆಯಬೇಡಿರೆಂದು ನರ್ಸಿಗೆ ಹೇಳಿದಳು. ಡಾಕ್ಟರ್ ಸಬೀಹಾ ಬಾವಿನ ಆಳಕ್ಕೆ ಸೂಜಿ ಇಳಿಸಿ ಹನಿ ಕೀವು ತೆಗೆದುಕೊಟ್ಟರು. ಮುನಿರತ್ನ ಬೇಸಿನ್ನಿನ ನೀರನ್ನು ಒಂದೇ ಒಂದು ರೋಗಾಣುವೂ ನುಸುಳದಂಥ ಸಣ್ಣ ಜಾಲರಿಯಲ್ಲಿ ಸೋಸಿದಳು. ಅದು ಹಾಲಿಲ್ಲದ ಟೀಯ ಹಾಗೆ ತಿಳಿಯಾಯಿತು. ಅದನ್ನು ಸಾರಿಗೆ ಬೆರೆಸಿ ತಟ್ಟೆಗಳನ್ನು ಸಿದ್ಧ ಮಾಡಿದಳು. ಪೆಟ್ಟಿಗೆಯೊಳಗೆ ಇಟ್ಟರೆ ಕೆಂಪು ದೀಪ ಹೊತ್ತಿಸಿ, "ಮಾದರಿ ಅಶುದ್ಧ" ಎಂದು ಬರೆದು ತಟ್ಟೆಯನ್ನು ಹೊರಗೆ ತಳ್ಳಿತು.

"ಹೋಗತ್ಲಾಗೆ" ಎಂದು ಬೈದು, ಎಂಟು ಬಗೆಯ ಪೆಪ್ಟೈಡುಗಳಿಗೂ ಎಂಟು ತಟ್ಟೆ, ಹಳೆಯ ಕಾಲದವರ ಹಾಗೆ ತಾನೇ ಕೈಯಲ್ಲಿ ಹನಿ ಹನಿ ಹಾಕಿದಳು. ಬೆನ್ನು ಬಿದ್ದುಹೋಯಿತು. ಮಧ್ಯಾಹ್ನ ಮೂರಕ್ಕೆ ನೋಡಿದರೆ ಯಾವ ಗುಳಿಯಲ್ಲೂ ಏನೂ ಇಲ್ಲ. ಎಂಟೂ ತಟ್ಟೆ ತಿಳಿ. ಅಕ್ಕನ ಕೈ ಹೋಗುವ ಹೊತ್ತಿನಲ್ಲಿ ತಾನು ಹುಳದ ನೀರು ಸೋಸುತ್ತ ಕೂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ತಟ್ಟೆಗಳನ್ನು ಬಿಸಾಡಲಿಲ್ಲ. ಪೆಟ್ಟಿಗೆ ಬರುವ ಮುಂಚೆ ಎರಡು ಮೂರು ದಿನ ಇಟ್ಟು ನೋಡುವ ರೂಢಿಯಿತ್ತು. ಬೆಚ್ಚಗಿನ ಕಪಾಟಿನಲ್ಲಿಟ್ಟು ಮನೆಗೆ ಹೋದಳು.

ಶನಿವಾರ ಎಂಟಕ್ಕೆ ಕಪಾಟು ತೆಗೆದಳು. ರೇಷ್ಮೆಹುಳದ ಪೆಪ್ಟೈಡ್ ಹಾಕಿದ ತಟ್ಟೆ ಮೂಲೆಯಿಂದ ಮೂಲೆಗೆ ಮಸುಕು. ಎಲ್ಲಕ್ಕಿಂತ ಗಟ್ಟಿ ಔಷಧಿಯಿದ್ದ ಗುಳಿಯೂ ಮಸುಕು! ಹುಳದ ರಸದಲ್ಲೇ ಬೆಳೆದದ್ದಕ್ಕೆ ಹುಳದ ಔಷಧಿ ಮನೆಯೂಟವಾಗಿತ್ತು. ಉಳಿದ ತಟ್ಟೆಗಳೂ ಹಾಗೇ. ಕಪ್ಪೆಯ ಚರ್ಮದ ಪೆಪ್ಟೈಡಿಗೆ ಕ್ಷಯದ ಕೆಂಪು ಔಷಧಿ ರಿಫಾಂಪಿಸಿನ್ ಬೆರೆಸಿದ ತಟ್ಟೆಯಲ್ಲಿ ಮಾತ್ರ ಒಂದು ಮೂಲೆಗೆ ಒಂಬತ್ತು ಗುಳಿ ತಿಳಿಯಾಗಿದ್ದವು.

ತಟ್ಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಡಾಕ್ಟರ್ ಸಬೀಹಾ ಬೆಳಕಿಗೆ ಹಿಡಿದು ನೋಡಿದರು. "ಬೆಳೆದಿರೋದು ಆ ನೀರಿನಲ್ಲೇ ಇದ್ದ ಕ್ರಿಮಿ ಯಾಕಾಗಿರಬಾರದು?"

"ಕೀವು ಹಾಕದೆ ಬರೀ ಹುಳದ ನೀರು ಹಾಕಿದ ಗುಳಿ ಕೊನೇಲಿದೆ ನೋಡಿ ಮೇಡಂ. ತಿಳಿಯಾಗಿದೆ."

"ಹಾಗಾದ್ರೆ ಕಪ್ಪೆಯದು ಕೂಡಿಬಂದಿದೆ ಅನ್ನಿ."

ಮುನಿರತ್ನಳ ಹೆಬ್ಬೆರಳು ಏಳಲಿಲ್ಲ. ತಿಳಿ ಎಂದರೆ ಸತ್ತಿದೆ ಎಂದು ಎರಡು ವರ್ಷ ನಂಬಿದ್ದಳು, ಮೊನ್ನೆಯಿಂದ ಆ ನಂಬಿಕೆ ಹೋಗಿತ್ತು. ಈ ಒಂಬತ್ತು ಗುಳಿಯಲ್ಲಿ ಅದು ಸತ್ತಿದೆಯೋ, ಮತ್ತೆ ಉಸಿರು ಬಿಗಿಹಿಡಿದು ಕೂತಿದೆಯೋ? ಒಂದು ಹನಿ ತೆಗೆದು ಹೊಸ ಹುಳದ ನೀರಿಗೆ ಬಿಟ್ಟು ನಾಳೆವರೆಗೆ ಕಾದರೆ ಗೊತ್ತಾಗುತ್ತದೆ. ಹನ್ನೊಂದಕ್ಕೆ ಸರ್ಜನ್ ಬರುತ್ತಾರೆ.

"ಗೊತ್ತಿಲ್ಲ ಮೇಡಂ" ಎಂದಳು. ಆ ಮಾತನ್ನು ಲ್ಯಾಬಿನ ಹೆಸರಿನಲ್ಲಿ ಅವಳು ಹೇಳಿದ್ದು ಅದೇ ಮೊದಲು. "ನನ್ನಕ್ಕ ಅಂತ ಆಸೆಗೆ ಹೇಳ್ತಿದೀನೋ, ನಿಜ ಕಂಡು ಹೇಳ್ತಿದೀನೋ, ಅದೂ ಗೊತ್ತಾಗ್ತಿಲ್ಲ."

ಡಾಕ್ಟರ್ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಅಂಜಿನಮ್ಮನ ಮಂಚದ ಹತ್ತಿರ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದರು. ಒಂದು ದಿನ ಕಾಯಬಹುದು. ಕಾದರೆ ಕೈ ಉಳಿಯಬಹುದು, ಇಲ್ಲ ಮೊಣಕೈಯೂ ಹೋಗಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು.

"ನೀನೇನಂತೀಯೇ ರತ್ನ?" ಅಕ್ಕ ಕೇಳಿದಳು.

"ನಂಗೇನೂ ತೋಚ್ತಿಲ್ಲಕ್ಕಾ."

"ಅಬ್ಬಾ, ನಿನ್ ಬಾಯಲ್ಲಿ ಇಂಥ ಮಾತು ಬಂತಲ್ಲ" ಎಂದು ಅಂಜಿನಮ್ಮ ನಗಲು ನೋಡಿದಳು. "ಒಂದಿನ ಕಾಯಣ ತಗೊಳಮ್ಮ. ಕೈ ಎಲ್ಲೂ ಓಡೋಗಲ್ಲ."

ಸರ್ಜನ್ ಗೊಣಗಿಕೊಂಡು ಭಾನುವಾರ ಹನ್ನೊಂದಕ್ಕೆ ಬರಲು ಒಪ್ಪಿದರು. ಕಪ್ಪೆಯ ಪೆಪ್ಟೈಡ್ ಡ್ರಿಪ್ಪಿನಲ್ಲಿ ಇಳಿಯಿತು, ಹಿಂದೆಯೇ ಕೆಂಪು ಔಷಧಿ. ಮುನಿರತ್ನ ಒಂಬತ್ತು ಗುಳಿಯಿಂದ ಒಂಬತ್ತು ಹನಿ ತೆಗೆದು ಹೊಸ ಹುಳದ ನೀರಿಗೆ ಬಿಟ್ಟಳು. ಆ ದಿನ ಅವಳಿಗೆ ಅನ್ನ ಸೇರಲಿಲ್ಲ. ಸಂಜೆ ಪಿಳ್ಳಪ್ಪ ಓಡಿಬಂದು, "ರತ್ನಮ್ಮ, ಅವಳಿಗೆ ಉಚ್ಚೆ ರಕ್ತದಂಗೆ ಓಗ್ತಾ ಐತೆ!" ಎಂದಾಗ ಎರಡೆರಡು ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದಳು. ಕೆಂಪು ಔಷಧಿಯ ಬಣ್ಣ ಅದು, ಎಲ್ಲರಿಗೂ ಹಾಗೇ ಆಗುತ್ತದೆ ಎಂದು ಅವನಿಗೆ ಹೇಳಿ, ತನಗೂ ಹೇಳಿಕೊಂಡಳು.

ಭಾನುವಾರ ಏಳಕ್ಕೆ ಜ್ವರ ನೂರು. ಪೆನ್ನಿನಲ್ಲಿ ಗೆರೆ ಎಳೆದಿಟ್ಟ ಜಾಗದಿಂದ ಕೆಂಪು ಒಂದು ಬೆರಳಿನಷ್ಟು ಹಿಂದೆ ಸರಿದಿತ್ತು. ಲ್ಯಾಬಿಗೆ ಬಂದು ನೋಡಿದರೆ ಒಂಬತ್ತು ಹನಿಯೂ ತಿಳಿಯಾಗಿಯೇ ಇದ್ದವು, ಅವಕ್ಕೆ ಬೇಕಾದ ಊಟ ಮುಂದಿದ್ದರೂ ಯಾವುದೂ ಎದ್ದಿರಲಿಲ್ಲ. ಮುನಿರತ್ನ ಕುರ್ಚಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಸರ್ಜನ್ ಬಂದು ಕೈ ನೋಡಿ, ಕಾಫಿ ಕುಡಿದು ಹೋದರು.

ಹದಿನೆಂಟು ದಿನಕ್ಕೆ ಅಂಜಿನಮ್ಮ ಮನೆಗೆ ಹೋದಳು. ತೋರುಬೆರಳು ಸ್ವಲ್ಪ ಸೆಟೆದುಕೊಂಡಿತ್ತು, ಆದರೆ ಎಳೆ ಹಿಡಿಯುತ್ತಿತ್ತು.

ಕಥೆ ಅಲ್ಲಿಗೆ ಮುಗಿದಿದ್ದರೆ ಮುನಿರತ್ನ ಸಿಹಿ ಹಂಚುತ್ತಿದ್ದಳೇನೋ. ಅವಳು ಹಂಚಲಿಲ್ಲ, ಹಳೆಯ ವರದಿಗಳ ಕಟ್ಟು ಬಿಚ್ಚಿದಳು. ಪೆಟ್ಟಿಗೆ ಹಸಿರು ತೋರಿಸಿಯೂ ವಾಸಿಯಾಗದ ಬಿಚ್ಚಾಣಿಕೆಯವರು ಎರಡು ವರ್ಷದಲ್ಲಿ ಹನ್ನೊಂದು ಜನ. ಹನ್ನೊಂದಕ್ಕೂ ಕೆಳಗೆ ತನ್ನದೇ ಅಕ್ಷರ: ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ. ಅವರ ಬಾವಿನಲ್ಲಿ ಇದ್ದದ್ದೂ ಅಕ್ಕನ ಕೈಯಲ್ಲಿದ್ದಂಥದ್ದೇನಾ? ಹೇಳುವ ಹಾಗಿರಲಿಲ್ಲ. ಅವರ ತಟ್ಟೆಗಳನ್ನೆಲ್ಲ ಆಯಾ ದಿನವೇ ಬೇಯಿಸಿ ಬಿಸಾಡಿಯಾಗಿತ್ತು.

ಮಾರನೆಯ ಬೆಳಿಗ್ಗೆ ಗಂಗುಲಮ್ಮನ ಮನೆಗೆ ಹೋದಳು. ಗಂಗುಲಮ್ಮ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಹೆಣಗುತ್ತಿದ್ದಳು. ಬಲ ತೋಳಿನ ತುದಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

ಮುನಿರತ್ನ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಹುಳದ ನೀರು, ನಿಂಬೆಹಣ್ಣು, ಹಸಿದು ಕೂತ ರೋಗಾಣು, ಕಪ್ಪೆ, ಎಲ್ಲ. ಹೇಳುವಾಗ ಮಾತು ಎಡವಿತು. "ನಿಮಗೂ ಅದೇ ಆಗಿತ್ತು ಅಂತ ನಾನು ಆಣೆ ಹಾಕಿ ಹೇಳಲಾರೆ. ಆದ್ರೆ ನೀವು ಮಾತ್ರೆ ತಪ್ಪಿಸಿದ್ರಿ ಅಂತ ನಾನು ಹೇಳಿದ್ದು ತಪ್ಪು. ಜನರ ಮುಂದೆ ಬೈದಿದ್ದು ಇನ್ನೂ ದೊಡ್ಡ ತಪ್ಪು."

ಗಂಗುಲಮ್ಮನಿಗೆ ಕಪ್ಪೆಯ ಗೊಡವೆ ಬೇಕಿರಲಿಲ್ಲ. "ಬಂದೋರೆಲ್ಲ ಅದನ್ನೇ ಅಂತಾರೆ" ಎಂದಳು ಮೆಲ್ಲಗೆ. "ನನ್ ಸೊಸೆ ದಿನಾ ಅಂತಾಳೆ, ಮಾತ್ರೆ ನುಂಗಕ್ಕೆ ಸೋಮಾರಿತನ ಮಾಡಿ ಕೈ ಕಳ್ಕೊಂಡು ನನ್ ತಲೆ ಮೇಲೆ ಕೂತವ್ಳೆ ಅಂತ. ಒಂದು ವರ್ಷ ಆಯ್ತು. ಈಗೀಗ ನಂಗೇ ಅನುಮಾನ ಕಣಮ್ಮ, ಎಲ್ಲೋ ಒಂದೊತ್ತು ಮರ್ತುಬಿಟ್ನೇನೋ ಅಂತ." ಅವಳು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು. "ಈಗೇಳಿದ್ದನ್ನ ಬರಕೊಡ್ತೀಯಾ?"

ಮುನಿರತ್ನ ಚೀಲ ತಡಕಿದಳು. ನಿಂಬೆಹಣ್ಣು ಕೈಗೆ ಸಿಕ್ಕಿತು, ಅದನ್ನು ಜಗಲಿಯ ಮೇಲಿಟ್ಟಳು. ಲ್ಯಾಬಿನ ಮೊಹರಿದ್ದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದಳು. ಗಂಗುಲಮ್ಮನವರು ಔಷಧಿ ತಪ್ಪಿಸಿದರೆಂದು ನಾನು ಬರೆದದ್ದಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ನಮ್ಮ ಪರೀಕ್ಷೆಯಲ್ಲೇ ಕೊರತೆಯಿತ್ತು. ಕೆಳಗೆ ತನ್ನ ಹೆಸರು ಹಾಕಿ, ಓದಿ ಹೇಳಿದಳು.

ಗಂಗುಲಮ್ಮ ಹಾಳೆಯನ್ನು ಎಡಗೈಯಲ್ಲಿ ಈಸಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅಕ್ಷರ ಬಾರದವಳು. ಆಮೇಲೆ ಬಾಗಿಲ ಕಡೆ ತಿರುಗಿ, "ಏಯ್, ಒಲೆ ಸಣ್ಣ ಮಾಡಿ ಈಚೆಗೆ ಬಾರೇ" ಎಂದು ಸೊಸೆಯನ್ನು ಕೂಗಿದಳು. ಸೊಸೆ ಕೈ ಒರೆಸಿಕೊಳ್ಳುತ್ತ ಬಂದು ಹೊಸಿಲಲ್ಲಿ ನಿಂತಳು.

ಗಂಗುಲಮ್ಮ ಹಾಳೆಯನ್ನು ಮುನಿರತ್ನಳ ಕೈಗೆ ವಾಪಸು ಕೊಟ್ಟಳು. "ಇನ್ನೊಂದ್ಸಲ ಓದಮ್ಮ" ಎಂದಳು. "ಜೋರಾಗಿ ಓದು, ಅವತ್ತು ಬೈದ್ಯಲ್ಲ ಅಷ್ಟು ಜೋರಾಗಿ."